ಕೊಸರು ವಾಪಸ್ ಕೇಳಿದವಳು

ಸರಕು ಕೊಳ್ಳುವವನ ಕಣ್ಣಿನಿಂದ ನೋಡಿದರೆ ಗುಂಡಿಯಕ್ಕ ಮೊದಲ ನೋಟಕ್ಕೇ ಬಿಕರಿಯಾಗುವ ಮಾಲಲ್ಲ. ಎತ್ತರ ಸಾಲದು, ಬಣ್ಣ ಮಾಸಿದೆ, ಅಂಚು ಅಲ್ಲಲ್ಲಿ ಸವೆದಿದೆ. ದನಿಯೋ, ಎಣ್ಣೆ ಕಾಣದ ಹೊಲಿಗೆ ಯಂತ್ರದ ದನಿ. ಆದರೆ ಬಟ್ಟೆಯಲ್ಲಿ ಪಳಗಿದವನು ತಾನಿನ ಹೊರಮಡಿಕೆ ನೋಡಿ ಬೆಲೆ ಕಟ್ಟುವುದಿಲ್ಲ; ಎರಡು ಬೆರಳಿನ ನಡುವೆ ಹಿಡಿದು ಉಜ್ಜಿ ನೋಡುತ್ತಾನೆ. ಹಾಗೆ ಉಜ್ಜಿದರೆ ಈಕೆಯಿಂದ ಗಂಜಿ ಉದುರುವುದಿಲ್ಲ. ಒಗೆದರೆ ಕುಗ್ಗುವುದಿಲ್ಲ. ದೋಷವೂ ಒಂದಿದೆ, ಅದನ್ನು ಮಡಿಕೆಯೊಳಗೆ ಬಚ್ಚಿಟ್ಟು ಮಾರುವುದು ತರವಲ್ಲ. ಹೊಗಳಿಕೆ ಕಿವಿಗೆ ಬಿದ್ದರೆ ಈಕೆ ಇಲಾಸ್ಟಿಕ್ಕಿನ ಹಾಗೆ ಹಿಗ್ಗುತ್ತಾಳೆ. ಆದ ಅನಾಹುತಕ್ಕೆಲ್ಲ ಆ ಒಂದು ದೋಷವೇ ಸಾಕಾಯಿತು.

ದರ್ಜಿಗಳ ಓಣಿಯ ಮೂಲೆಯಲ್ಲಿ ಅವಳ ಅಂಗಡಿ. ಅಲ್ಲಿ ಒಬ್ಬ ಗಿರಾಕಿ ನಿಂತರೆ ಇನ್ನೊಬ್ಬ ಉಸಿರು ಬಿಗಿಹಿಡಿದು ಒಳಗೆ ಬರಬೇಕು. ಗೋಡೆಯ ತುಂಬ ಗಾಜಿನ ಭರಣಿಗಳು, ಭರಣಿಗಳ ತುಂಬ ಗುಂಡಿಗಳು. ಕೆಳಗಿನ ಖಾನೆಗಳಲ್ಲಿ ದಾರದ ಉಂಡೆ, ಕೊಕ್ಕೆ, ಸೂಜಿ, ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ. ಹಿಂದಿನ ಬಾಗಿಲು ತೆಗೆದರೆ ಅದೇ ಮನೆ. ಗಂಡ ತೀರಿಕೊಂಡ ಮೇಲೆ ಅವಳೂ, ಮದುವೆಯ ಗೊಡವೆಗೆ ಹೋಗದ ಅವಳ ತಮ್ಮನೂ ಆ ಒಂದೂವರೆ ಕೋಣೆಯಲ್ಲಿ ಒಟ್ಟಿಗೆ ಇದ್ದರು. ತಮ್ಮ ಓಣಿಯ ದೊಡ್ಡ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್. ಊರಿಗೆಲ್ಲ ಅವನು ಮಾಸ್ಟರು. ಅಕ್ಕನ ಪಾಲಿಗೆ ಮಾತ್ರ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗ.

ಗುಂಡಿಯಕ್ಕನ ಹೆಸರು ನಿಂತಿದ್ದದ್ದು ಕೊಸರಿನ ಮೇಲೆ. ಕೊಂಡದ್ದರ ಮೇಲೆ ಕೈ ಬಿಚ್ಚಿ ಒಂದಿಷ್ಟು ಹೆಚ್ಚಿಗೆ ಹಾಕುವುದು ವ್ಯಾಪಾರದ ಮರ್ಯಾದೆ. ಎಲ್ಲರೂ ಹಾಕುತ್ತಾರೆ, ಮುಖ ಸಿಂಡರಿಸಿಕೊಂಡು ಹಾಕುತ್ತಾರೆ. ಇವಳು ಕೇಳುವ ಮೊದಲೇ ಹಾಕುತ್ತಿದ್ದಳು. ಗುಂಡಿಯ ಮೇಲೊಂದು ಗುಂಡಿ, ದಾರದ ಜೊತೆಗೊಂದು ಸೂಜಿ.

"ಗುಂಡಿಯಕ್ಕನ ಹತ್ರ ಕೊಸರು ತರೋಕೆ ಹೋಗಿದ್ದೆ ಕಣಯ್ಯಾ, ದಾರೀಲಿ ಸಿಕ್ತು ಅಂತ ನಾಲ್ಕು ಗುಂಡಿನೂ ತಂದೆ" ಎಂದು ದರ್ಜಿಗಳು ನಗೆಯಾಡುತ್ತಿದ್ದರು. ಆ ಮಾತು ಕೇಳಿದ ದಿನ ಅವಳ ಕೈ ಇನ್ನೂ ಸಡಿಲವಾಗುತ್ತಿತ್ತು.

ಇದರ ವಾಸನೆ ಹಿಡಿದೇ ಬಂದವನು, ಓಣಿ ಆಮೇಲೆ ಹೆಸರಿಟ್ಟಂತೆ, ಸ್ಯಾಂಪಲ್ ಅಣ್ಣ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಗಲ್ಲೆಯ ಮೇಲೆ ಒಂದು ಡಬ್ಬಿ ಇಟ್ಟ. ಒಳಗೆ ಬೆರಳಗಲದ ಹಸಿರು ಪೊಟ್ಟಣಗಳು, ಒಂದೊಂದರ ಮೇಲೂ ಒಂದು ಎಲೆಯ ಚಿತ್ರ.

"ಅಕ್ಕಾ, ಈ ಓಣೀಲಿ ಕೊಸರು ಅಂದ್ರೆ ನಿಮ್ಮ ಹೆಸರೇ ಹೇಳ್ತಾರೆ."

"ಹೇಳ್ತಾರೆ, ಹೇಳಿ ಇನ್ನೊಂದು ಗುಂಡಿ ಕೇಳ್ತಾರೆ" ಎಂದಳು. ಮುಖ ಮಾತ್ರ ಅರಳಿತ್ತು.

"ಗುಂಡಿ ಯಾಕೆ ಕಳ್ಕೊಳ್ತೀರಾ? ಇನ್ಮೇಲೆ ಇದನ್ನ ಕೊಡಿ. ನಿಮಗೂ ಪುಕ್ಕಟೆ, ಅವ್ರಿಗೂ ಪುಕ್ಕಟೆ. ಬರೀ ಸೊಪ್ಪು, ಬೇರು. ಬೆನ್ನುನೋವು, ಕತ್ತುನೋವು, ಬೆರಳು ಸೆಟೆದುಕೊಳ್ಳೋದು ಎಲ್ಲಾ ಮಾಯ."

"ಪುಕ್ಕಟೆ ಕೊಟ್ರೆ ನಿಮಗೇನಪ್ಪಾ ಗಿಟ್ಟತ್ತೆ?"

"ಜನ ಸುಖವಾಗಿರ್ಲಿ ಅಂತ ಅಕ್ಕ. ಇಷ್ಟ ಆದವ್ರು ಹಿಂದೆ ಇರೋ ನಂಬರಿಗೆ ಫೋನ್ ಮಾಡ್ತಾರೆ. ಇಲ್ದಿದ್ರೆ ಇಲ್ಲ."

ಜನರ ಸುಖಕ್ಕೆಂದು ಅಂಗಡಿ ತೆರೆದವನು ಇದುವರೆಗೆ ಯಾವ ಪೇಟೆಯಲ್ಲೂ ಕಣ್ಣಿಗೆ ಬಿದ್ದಿಲ್ಲ. ಇದು ಗುಂಡಿಯಕ್ಕನಿಗೂ ಗೊತ್ತಿತ್ತು. ಆದರೆ ತನ್ನ ಭರಣಿಯಿಂದ ಒಂದು ಗುಂಡಿಯೂ ಇಳಿಯದೆ ದೊಡ್ಡ ಕೈಯವಳು ಎನಿಸಿಕೊಳ್ಳುವ ಅವಕಾಶ ಬಾಗಿಲಿಗೆ ಬಂದಿತ್ತು. ಡಬ್ಬಿ ಒಳಗಿಟ್ಟುಕೊಂಡಳು.

ಬೋಣಿ ತಮ್ಮನಿಂದಲೇ ಆಯಿತು. ಮಾಸ್ಟರು ದಿನವಿಡೀ ಮೇಜಿನ ಮೇಲೆ ಬಾಗಿ ಬಟ್ಟೆ ಕತ್ತರಿಸುವವನು. ಅಂದು ಸಂಜೆ ಬಾಗಿಲಿಗೆ ಒರಗಿ ನಿಂತು, "ಅಕ್ಕಾ, ಬೆನ್ನಿಗೆ ಯಾರೋ ಕತ್ತರಿ ಇಟ್ಟ ಹಾಗಿದೆ" ಎಂದ.

"ತಗೋ, ನಿನಗೂ ಒಂದು ಕೊಸರು. ಏನೂ ಕೊಳ್ಳದೆ ಕೊಸರು ಇಸ್ಕೊಳ್ಳೋ ಗಿರಾಕಿ ನೀನೊಬ್ಬನೇ."

ಬೆಳಗ್ಗೆ ಅವನು ಸಿಳ್ಳೆ ಹಾಕುತ್ತ ಎದ್ದ. "ಇದ್ಯಾವ ಸೊಪ್ಪಕ್ಕಾ? ಬೆನ್ನು ಅನ್ನೋದೊಂದು ಇದೆ ಅನ್ನೋದೇ ಮರೆತುಹೋಯ್ತು!"

ಅಷ್ಟು ಸಾಕಾಯಿತು. ತಮ್ಮನ ಬೆನ್ನಿನ ಸಾಕ್ಷಿ ಇಟ್ಟುಕೊಂಡು ಅವಳು ಬಂದವರಿಗೆಲ್ಲ ಪೊಟ್ಟಣ ಹಂಚಿದಳು. ಕಾಲರ್ ಹೊಲಿಯುವವಳಿಗೆ, ಕಸೂತಿಯ ಮುದುಕನಿಗೆ, ಇಸ್ತ್ರಿಯವನಿಗೆ. ಕೊಟ್ಟಾಗಲೆಲ್ಲ "ಬರೀ ಸೊಪ್ಪು, ಹೆದರ್ಬೇಡಿ" ಎಂಬ ಮಾತನ್ನೂ ಕೊಸರಿಗೆ ಕೊಸರಾಗಿ ಸೇರಿಸುತ್ತಿದ್ದಳು. ಡಬ್ಬಿ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಸ್ಯಾಂಪಲ್ ಅಣ್ಣ ಇನ್ನೊಂದು ಡಬ್ಬಿ ಹಿಡಿದು ಪ್ರತ್ಯಕ್ಷ.

ದಿನಕ್ಕೊಂದು ಪೊಟ್ಟಣ ಇಸಿದುಕೊಳ್ಳುತ್ತಿದ್ದ ತಮ್ಮನಲ್ಲಿ ಆದ ಬದಲಾವಣೆ ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ಬಿದ್ದದ್ದನ್ನು ಅವಳು ಎತ್ತಿಕೊಳ್ಳಲಿಲ್ಲ. ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಇಟ್ಟುಕೊಂಡು ತೂಕಡಿಸುತ್ತಿದ್ದ. ಮೂಗು ಉಜ್ಜುತ್ತಿದ್ದ, ತೋಳು ಕೆರೆಯುತ್ತಿದ್ದ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ಒಂದೆರಡು ದಿನ ಪೊಟ್ಟಣ ತಪ್ಪಿದರೆ ಮೈಯೆಲ್ಲ ಬೆವರು, ಆಕಳಿಕೆ, ನಡುಕ, ಸಿಡಿಮಿಡಿ. ಶೀತ ಹಿಡಿದಿದೆ ಎಂದು ಅವಳು ಕಷಾಯ ಕಾಸಿ ಕೊಟ್ಟಳು. ಕಾರ್ಖಾನೆಯಿಂದ ದೂರು ಬಂತು. ಮಾಸ್ಟರು ಅಂಗಿಗೆ ಎರಡೂ ಎಡಗೈ ತೋಳು ಕತ್ತರಿಸಿದ್ದಾರಂತೆ.

"ಎಡಚರಿಗೂ ಅಂಗಿ ಬೇಡ್ವೇನಕ್ಕಾ?" ಎಂದು ಅವನು ನಕ್ಕ. ಅವಳೂ ನಕ್ಕಳು. ನಕ್ಕು ಇನ್ನೊಂದು ಲೋಟ ಕಷಾಯ ಕಾಸಲು ಎದ್ದಳು.

ಒಂದು ಮಧ್ಯಾಹ್ನ, ಊಟದ ಹೊತ್ತು ಮುಗಿದು ಯಂತ್ರಗಳು ಮತ್ತೆ ಸದ್ದು ಮಾಡಬೇಕಿದ್ದ ಸಮಯ. ಕಾಲರ್ ಹೊಲಿಯುವವಳು ಅಂಗಡಿಗೆ ಓಡಿ ಬಂದಳು. ಚಪ್ಪಲಿ ಒಂದೇ ಕಾಲಲ್ಲಿತ್ತು.

"ಅಕ್ಕಾ, ಮಾಸ್ಟರು ಮಲಗಿದಾರೆ. ಗೊರಕೆ ಸರಿಯಿಲ್ಲ."

ಗೊರಕೆ ಸರಿಯಿಲ್ಲ ಎನ್ನುವುದು ನಗುವ ಮಾತು. ಅವಳ ಮುಖ ನೋಡಿದರೆ ನಗು ಬರುವ ಹಾಗಿರಲಿಲ್ಲ. ಗುಂಡಿಯಕ್ಕ ಗಲ್ಲೆ ದಾಟಿ ಓಡಿದಳು. ಕತ್ತರಿಸುವ ಮೇಜಿನ ಕೆಳಗೆ, ಚಿಂದಿ ಬಟ್ಟೆಯ ರಾಶಿಯ ಮೇಲೆ ತಮ್ಮ ಅಂಗಾತ ಬಿದ್ದಿದ್ದ. ಗಂಟಲಿನಿಂದ ನೀರು ಕುದಿಯುವಂಥ ಸದ್ದು ಬರುತ್ತಿತ್ತು. ಸದ್ದು ನಿಂತಿತು. ಎಲ್ಲರೂ ಕಾದರು. ಮತ್ತೆ ಒಂದು ಸಲ ಬಂತು, ಮತ್ತೆ ನಿಂತಿತು. ತುಟಿ ನೀಲಿ ಸೀಮೆಸುಣ್ಣ ಒರೆಸಿದ ಹಾಗಿತ್ತು. ಅವಳು ಅವನ ಕೆನ್ನೆಗೆ ಹೊಡೆದಳು, ಹೆಸರು ಹಿಡಿದು ಕೂಗಿದಳು, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರಿನಿಂದಲೂ ಕೂಗಿದಳು. ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವಿನ ಆ ಖಾಲಿ ಜಾಗದಲ್ಲಿ ಅವಳು ನೋಡಿದ್ದೇನು ಎಂಬುದನ್ನು ಆಮೇಲೂ ಬಾಯಿಬಿಟ್ಟು ಹೇಳಿಲ್ಲ.

ಆಂಬುಲೆನ್ಸಿನವರು ಬಂದು ಮೂಗಿಗೆ ಏನನ್ನೋ ಸಿಂಪಡಿಸಿದರು. ನೀರಿನಿಂದ ಮೇಲೆದ್ದವನ ಹಾಗೆ ಅವನು ಏದುಸಿರು ಬಿಟ್ಟು ಕಣ್ಣು ತೆರೆದ.

ಆಸ್ಪತ್ರೆಯಲ್ಲಿ ಡಾಕ್ಟರು ಕೈ ಚಾಚಿ, "ಏನು ತಗೊಂಡಿದ್ರು?" ಎಂದು ಕೇಳಿದರು. ಗುಂಡಿಯಕ್ಕ ಸೆರಗಿನ ಗಂಟಿನಿಂದ ಹಸಿರು ಪೊಟ್ಟಣ ತೆಗೆದುಕೊಟ್ಟಳು.

"ಬೇರೇನೂ ಇಲ್ಲ ಡಾಕ್ಟ್ರೇ. ಬರೀ ಸೊಪ್ಪು."

"ಸೊಪ್ಪು ಚಿತ್ರದಲ್ಲಿ ಮಾತ್ರ ಇದೆಯಮ್ಮ. ಇಂಥ ಪೊಟ್ಟಣ ಆಗ್ಲೇ ಬಂದಿವೆ, ಪರೀಕ್ಷೆನೂ ಮಾಡ್ಸಿದೀವಿ. ಒಳಗಿರೋದು ಅಫೀಮಿನ ಜಾತಿ ಮದ್ದು. ಗಿಡದ್ದಲ್ಲ, ಕಾರ್ಖಾನೇಲಿ ಮಾಡಿದ್ದು. ಚಿಟಿಕೆ ಹೆಚ್ಚಾದ್ರೂ ಉಸಿರು ನಿಲ್ಸತ್ತೆ. ಒಂದು ಪೊಟ್ಟಣದಲ್ಲಿ ಇದ್ದಷ್ಟೇ ಇನ್ನೊಂದ್ರಲ್ಲಿ ಇರತ್ತೆ ಅನ್ನೋ ಹಾಗೂ ಇಲ್ಲ. ಎಲ್ಲಿ ಸಿಕ್ತು ಇದು?"

"ಓಣೀಲಿ ಯಾರೋ ಕೊಟ್ರಂತೆ" ಎಂದಳು ಗುಂಡಿಯಕ್ಕ.

ಹೇಳಿದ ಮೇಲೆ ಬೆಂಚಿನ ಮೇಲೆ ಕೂತಳು. ಓಣಿಯ ಮನೆಮನೆಯೂ ಕಣ್ಣ ಮುಂದೆ ಬಂತು. ಯಾವ ಮನೆಯ ಯಾವ ಡಬ್ಬಿಯಲ್ಲಿ, ಯಾರ ತಲೆದಿಂಬಿನ ಕೆಳಗೆ ತಾನು ಕೊಟ್ಟ ಪೊಟ್ಟಣ ಇದೆಯೋ. ಈ ಹೊತ್ತಿನಲ್ಲೇ ಯಾರು ಅದನ್ನು ಹರಿಯುತ್ತಿದ್ದಾರೋ.

ಮರುದಿನ ಅಂಗಡಿಗೆ ಬೀಗ ಹಾಕಿ, ಕೈಚೀಲ ಹಿಡಿದು ಓಣಿಗೆ ಇಳಿದಳು. ಬಾಯಲ್ಲಿ ಇನ್ನೂ ಸುಳ್ಳೇ ಇತ್ತು. "ಅವು ಹಳೇದಾಗಿವೆಯಂತೆ, ವಾಪಸ್ ಕೊಡಿ" ಎಂದು ಕೇಳಿದಳು. ವ್ಯಾಪಾರಿಗೆ ಮಾತ್ರ ಹೊಳೆಯುವ ಸುಳ್ಳು ಅದು. ಅದಕ್ಕೆ ವ್ಯಾಪಾರಿಗೆ ತಕ್ಕ ಉತ್ತರವೇ ಸಿಕ್ಕಿತು.

"ಕೊಸರು ವಾಪಸ್ ಕೇಳೋ ಅಂಗಡಿಯವಳನ್ನ ಇವತ್ತೇ ನೋಡಿದ್ದು!" ಎಂದ ಇಸ್ತ್ರಿಯವನು. "ನಾಳೆ ಅಂಗಿ ಹಿಡಿದು ಗುಂಡಿನೂ ಕಿತ್ಕೊಂಡು ಹೋಗ್ತೀಯೇನೋ."

"ಹಳೇದಾದ್ರೆ ಏನೀಗ? ನಮ್ಮನೇಲಿ ಎಲ್ಲಾ ಹಳೇದೇ, ನಮ್ಮೆಜಮಾನ್ರೂ ಸೇರಿ" ಎಂದು ಇನ್ನೊಬ್ಬಳು ಬಾಗಿಲು ಮುಚ್ಚಿದಳು.

ಚೀಲ ತುಂಬಲಿಲ್ಲ. ಕಸೂತಿಯ ಮುದುಕನ ಮನೆಯ ಹೊಸ್ತಿಲಲ್ಲಿ ಅವಳ ಸುಳ್ಳು ಮುಗಿಯಿತು. ಮುದುಕ ಕಿಟಕಿಯ ಬಳಿ ಸೂಜಿ ಹಿಡಿದು ಕೂತಿದ್ದ; ಬಟ್ಟೆ ಮಾತ್ರ ಕೈಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಅವನ ಪಾಪೆಯೂ ಸೂಜಿಮೊನೆಯಷ್ಟು.

"ಇದ್ದದ್ದೆಲ್ಲಾ ತಿಂದ್ಬಿಟ್ಟೆ ಕಣಮ್ಮಾ. ಫೋನ್ ಮಾಡೋಕೆ ನನಗೆ ಬರಲ್ಲ. ಇನ್ನೊಂದು ಕೊಡು" ಎಂದು ಅವಳ ಮಣಿಕಟ್ಟು ಹಿಡಿದುಕೊಂಡ. ಆ ಹಿಡಿತ ಮುದುಕನದಾಗಿರಲಿಲ್ಲ.

"ಅಣ್ಣಾ, ಅದು ಸೊಪ್ಪಲ್ಲ, ಅಫೀಮಿಗಿಂತ ಕೆಟ್ಟದ್ದು. ನನ್ನ ತಮ್ಮ ನಿನ್ನೆ ಸತ್ತು ಬದುಕಿದಾನೆ."

"ಹಾಗಿದ್ರೆ ನೀನ್ಯಾಕೆ ಕೊಟ್ಟೆ?"

ಅಲ್ಲಿಂದ ಮುಂದೆ ಪ್ರತಿ ಬಾಗಿಲಲ್ಲೂ ನಿಜವನ್ನೇ ಹೇಳಿದಳು. ಆಗ ಚೀಲ ತುಂಬತೊಡಗಿತು. ಕೆಲವರು ಪೊಟ್ಟಣದ ಜೊತೆ ಶಾಪವನ್ನೂ ಹಾಕಿದರು. ಮುದುಕನ ಮಗಳನ್ನು ಕರೆದು, ಅವನನ್ನು ಆಸ್ಪತ್ರೆಗೆ ಹೊರಡಿಸಿ ಕಳಿಸಿದಳು. ಚೀಲವನ್ನು ಡಾಕ್ಟರ ಮೇಜಿನ ಮೇಲೆ ಸುರಿದು, "ಓಣೀಲಿ ಕೊಟ್ಟವಳು ನಾನೇ" ಎಂದಳು. ಡಾಕ್ಟರು ಪೊಟ್ಟಣಗಳನ್ನು ಎಣಿಸಿ ಬರೆದುಕೊಂಡರು. ಆಮೇಲೆ ಮೂಗಿನ ಸ್ಪ್ರೇ ಒಂದನ್ನು ಅವಳ ಕೈಗಿಟ್ಟು, ಉಸಿರು ನಿಂತಂತಾದರೆ ಹೇಗೆ ಬಳಸಬೇಕೆಂದು ತೋರಿಸಿಕೊಟ್ಟರು.

ತಮ್ಮ ಮನೆಗೆ ಬಂದ. ಅವನಿಗೆ ಚಿಕಿತ್ಸೆಯ ಮದ್ದು ಬರೆದುಕೊಟ್ಟಿದ್ದರು. ಗುಂಡಿಯಕ್ಕನ ಕೆಲಸ ಈಗ ಒಂದೇ: ಅವನ ಉಸಿರು ಕೇಳುವುದು. ಗಿರಾಕಿಗೆ ಗುಂಡಿ ಎಣಿಸುತ್ತಿರುವಾಗಲೂ ಕಿವಿ ಹಿಂದಿನ ಕೋಣೆಯಲ್ಲಿರುತ್ತಿತ್ತು. ಎಣಿಕೆ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು. ಸದ್ದು ಕೇಳದಿದ್ದರೆ ಗಿರಾಕಿಯನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಅವನ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದಳು.

"ಅಕ್ಕಾ, ಬದುಕಿದೀನಿ. ಸೂಜಿಗೆ ದಾರ ಪೋಣಿಸೋ ಹಾಗೆ ಮೂಗಿನ ಹತ್ರ ಬರ್ಬೇಡ, ಬೆಚ್ಚಿಬೀಳ್ತೀನಿ."

"ಬೆಚ್ಚಿಬೀಳು. ಬೆಚ್ಚಿಬೀಳೋರು ಬದುಕಿರ್ತಾರೆ."

ಆ ದಿನಗಳಲ್ಲೇ ಪತ್ರಿಕೆಯಲ್ಲಿ ಸುದ್ದಿ ಬಂತು. ಗಿಡಮೂಲಿಕೆ, ಶಕ್ತಿವರ್ಧಕ ಎಂದೆಲ್ಲ ಸುಳ್ಳು ಹೆಸರಿಟ್ಟು ಈಗಿನ ಕಾನೂನಿನ ಪಟ್ಟಿಯಲ್ಲಿಲ್ಲದ ಅಫೀಮು ಜಾತಿಯ ಕೃತಕ ಮದ್ದು ಮಾರುವವರನ್ನು ಜೈಲಿಗೆ ಹಾಕಲು ಸರ್ಕಾರ ಮಸೂದೆ ತಂದಿದೆ. ಮಸೂದೆ ಸಮಿತಿಯ ಮುಂದಿದೆ. ಸಾರ್ವಜನಿಕರು ಬಂದು ತಮ್ಮ ಮಾತು ಹೇಳಬಹುದು. ಗುಂಡಿಯಕ್ಕ ಓದಿ, ಪತ್ರಿಕೆಯನ್ನು ಮಡಚಿ, ಎದೆಯ ಮೇಲಿಂದ ಅರ್ಧ ಕಲ್ಲು ಇಳಿಸಿದಂತೆ ಉಸಿರು ಬಿಟ್ಟಳು. ಇನ್ನು ಸರ್ಕಾರ ನೋಡಿಕೊಳ್ಳುತ್ತದೆ.

ಆ ಉಸಿರು ಪೂರ್ತಿ ಹೊರಗೆ ಹೋಗುವ ಮೊದಲೇ ಬಾಗಿಲಲ್ಲಿ ನೆರಳು ಬಿತ್ತು. ಸ್ಯಾಂಪಲ್ ಅಣ್ಣ. ಕೈಯಲ್ಲಿ ಡಬ್ಬಿ.

"ಬೇಡಪ್ಪ. ತಗೊಂಡ್ಹೋಗು" ಎಂದಳು.

ಅವನು ಹೋಗಲಿಲ್ಲ. ಗಲ್ಲೆಯ ಮೇಲಿದ್ದ ಪತ್ರಿಕೆ ನೋಡಿ ನಕ್ಕ. "ಓ, ಇದಕ್ಕಾ ಹೆದರಿರೋದು? ನಿಮಗೆ ಇದು ಹತ್ತೋದೇ ಇಲ್ಲ ಅಕ್ಕ. ಮಸೂದೆ ತುಂಬ ಮಾರಾಟ, ಮಾರಾಟ ಅಂತಾನೇ ಇದೆ. ನೀವೇನು ಮಾರಿದೀರಾ? ಕೊಸರು ಕೊಟ್ರಿ. ನಾವೂ ಇನ್ಮೇಲೆ ಯಾವ ಅಂಗಡೀಲೂ ಮಾರಲ್ಲ. ಮೊದಲ ಪೊಟ್ಟಣ ಎಲ್ಲಾ ಕೊಸರೇ. ಆಮೇಲೆ ಫೋನ್ ಬಂದಾಗ ಯಾರು ಕೊಟ್ರು, ಎಲ್ಲಿ ಕೊಟ್ರು, ಯಾವನಿಗೆ ಗೊತ್ತಾಗತ್ತೆ? ಈ ಉಪಾಯ ನಿಮ್ಮ ಅಂಗಡೀಲೇ ಕಲ್ತಿದ್ದು. ನಿಮಗೆ ದಕ್ಷಿಣೆ ಕೊಡ್ಬೇಕು ನಾವು."

"ಹೊರಗೆ ನಡಿ."

"ಹೋಗ್ತೀನಿ." ಅವನು ಹಿಂದಿನ ಬಾಗಿಲ ಕಡೆ ನೋಡಿದ. "ಮಾಸ್ಟರು ಮನೇಲೇ ಇದಾರಾ? ಪಾಪ, ಹುಷಾರಾಗಿ ನೋಡ್ಕೊಳ್ಳಿ. ಕಾರ್ಖಾನೆಗೆ ಹೋಗೋ ದಾರೀಲಿ ಎಷ್ಟೊಂದು ಅಂಗಡಿ ಇವೆ."

ಅವನ ಬೈಕು ಓಣಿಯ ತುದಿಗೆ ಹೋಗಿ ನಿಂತಿತು. ಸಂಜೆಯವರೆಗೂ ಅಲ್ಲೇ ಇತ್ತು. ಮರುದಿನವೂ ಬಂತು. ಯಾರೂ ಏನೂ ಮಾಡಲಿಲ್ಲ, ಯಾರೂ ಬೈಯಲಿಲ್ಲ. ಬೈಕು ನಿಂತಿತ್ತು, ಅಷ್ಟೇ. ಗುಂಡಿಯಕ್ಕ ಭರಣಿ ಒರೆಸುವ ನೆಪದಲ್ಲಿ ನೋಡುತ್ತಿದ್ದಳು.

ಮಾಸ್ಟರು ಕೆಲಸಕ್ಕೆ ಹೋಗತೊಡಗಿ ಕೆಲವು ದಿನವಾಗಿತ್ತು. ಒಗೆಯಲು ಅವನ ಅಂಗಿ ತೆಗೆದವಳ ಬೆರಳಿಗೆ ಜೇಬಿನಲ್ಲಿ ಏನೋ ತಗುಲಿತು. ಹಸಿರು ಪೊಟ್ಟಣ. ಇನ್ನೂ ಹರಿದಿರಲಿಲ್ಲ. ಅಂಗಿ ಬಕೆಟ್ಟಿಗೆ ಬಿತ್ತು, ಅವಳು ಪೊಟ್ಟಣ ಹಿಡಿದು ತಮ್ಮನ ಮುಂದೆ ಬಂದು ನಿಂತಳು.

"ಎಲ್ಲಿಂದ ಬಂತೋ ಇದು?"

ತಮ್ಮ ತಲೆ ಎತ್ತಲಿಲ್ಲ. "ಟೀ ಅಂಗಡೀಲಿ. ಟೀ ಜೊತೆ ಇಟ್ಟ. ನಾನು ಕೇಳ್ಲಿಲ್ಲ ಅಕ್ಕ. ಹರೀಲೂ ಇಲ್ಲ ನೋಡು. ಆದ್ರೆ ಎಸೆಯೋಕೂ ಆಗ್ಲಿಲ್ಲ."

ಅವಳು ಅದನ್ನು ಹಿಡಿದು ಸೀದಾ ಟೀ ಅಂಗಡಿಗೆ ಹೋದಳು. ಟೀಯವನು ಒಳ್ಳೆಯವನು, ಯಾರಿಗೂ ಕೇಡು ಬಯಸಿದವನಲ್ಲ. ಸೋಸುತ್ತಿದ್ದ ಪಾತ್ರೆ ಕೆಳಗಿಟ್ಟು, "ಏನಕ್ಕಾ ಇಷ್ಟು ಕೋಪ? ಪುಕ್ಕಟೆ ಬರತ್ತೆ, ಗಿರಾಕಿಗೆ ಖುಷಿ. ಕೊಸರು ಕೊಡೋದು ನಿನ್ನಿಂದಾನೇ ಕಲ್ತಿದ್ದಲ್ವಾ?" ಎಂದ.

"ನಾನು ಮನೆಮನೆಗೆ ಹೋಗಿ ವಾಪಸ್ ತಗೊಂಡಿದ್ದು ನಿನಗೆ ಗೊತ್ತಾಗ್ಲಿಲ್ವಾ?"

"ಅದು ಹಳೇ ಮಾಲು, ಇದು ಹೊಸದು, ಶುದ್ಧ ಸೊಪ್ಪು ಅಂದ ಆ ಅಣ್ಣ."

ಅಲ್ಲಿಂದ ಹಿಂದಿರುಗುವಾಗ ಅವಳಿಗೆ ಓಣಿಯ ಒಂದೊಂದು ಅಂಗಡಿಯೂ ಬಾಯಿ ತೆರೆದುಕೊಂಡಂತೆ ಕಂಡಿತು. ಹಾಲಿನವನು, ಹಣ್ಣಿನವಳು, ಕ್ಷೌರದವನು. ಎಲ್ಲರ ಕೈಯೂ ಒಳ್ಳೆಯದೇ, ಎಲ್ಲರೂ ನಗುತ್ತಲೇ ಕೊಡುವವರು. ತನ್ನ ಅಂಗಡಿಗೆ ಬೀಗ ಹಾಕಿಕೊಂಡರೆ ತಮ್ಮ ಉಳಿಯುವುದಿಲ್ಲ. ಅವನು ದಿನವೂ ನಡೆಯುವ ದಾರಿಯುದ್ದಕ್ಕೂ ಯಾವನೋ ಒಬ್ಬ ಪುಕ್ಕಟೆಯಾಗಿ ಸಾವು ಚಾಚುತ್ತಾನೆ, ಬರಲಿರುವ ಕಾನೂನು ಅದನ್ನು ಮಾರಾಟವೇ ಅಲ್ಲ ಎನ್ನುತ್ತದೆ.

ಮನೆಗೆ ಬಂದು, "ಸಮಿತಿಗೆ ಹೋಗ್ತೀನಿ" ಎಂದಳು.

ತಮ್ಮ ಎದ್ದು ಕೂತ. "ಹುಚ್ಚಾ ನಿನಗೆ? ನಾನೇ ಹಂಚಿದ್ದು ಅಂತ ಹೋಗಿ ಹೇಳ್ತೀಯಾ? ನಿನ್ನನ್ನೇ ಒಳಗೆ ಹಾಕ್ತಾರೆ."

"ಹಾಕ್ಲಿ."

"ಆ ಬೈಕಿನವ್ನು ಸುಮ್ನೆ ಬಿಡ್ತಾನಾ? ಅಕ್ಕಾ, ನನಗೆ ಭಯ ಆಗತ್ತೆ."

"ನನಗೆ ಆಗಲ್ಲ ಅಂದ್ಯಾ?" ಅವಳು ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿದಳು. "ನಾನು ಹೋಗೋದು ಧೈರ್ಯ ಬಂದಿದೆ ಅಂತ ಅಲ್ಲ ಕಣೋ. ಮನೇಲಿ ಕೂತು ನಿನ್ನ ಉಸಿರು ಕೇಳೋ ಭಯ ಇದೆಯಲ್ಲ, ಅದು ಇದಕ್ಕಿಂತ ದೊಡ್ಡದು."

ವಿಚಾರಣೆಯ ದಿನ ಕಾರಿಡಾರಿನ ಬೆಂಚಿನ ಮೇಲೆ ಅವಳು ತಮ್ಮನ ಪಕ್ಕ ಕೂತಳು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು, ರವಿಕೆಯ ಕೊಕ್ಕೆಯೊಂದು ಬಿಟ್ಟುಹೋಗಿತ್ತು. ಊರಿಗೆಲ್ಲ ಕೊಕ್ಕೆ ಮಾರುವವಳ ರವಿಕೆ. ಅದನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತ ತಲೆ ಎತ್ತಿದರೆ, ಕಾರಿಡಾರಿನ ಆ ತುದಿಯಲ್ಲಿ ಇಸ್ತ್ರಿ ಮಾಡಿದ ಅಂಗಿ. ಸ್ಯಾಂಪಲ್ ಅಣ್ಣ ಕಂಬಕ್ಕೆ ಒರಗಿ ಫೋನು ನೋಡುತ್ತಿದ್ದ. ಇವಳ ಕಡೆ ನೋಡಿ, ಬಹಳ ಕಾಲದ ಪರಿಚಯದವನಂತೆ ತಲೆಯಾಡಿಸಿದ.

ಅವಳಿಗೆ ಎದ್ದು ಹೋಗಿಬಿಡಬೇಕು ಎನಿಸಿತು. ಓಡಿಹೋಗಲೂ ಒಂದಿಷ್ಟು ಧೈರ್ಯ ಬೇಕು. ಅದೂ ಅವಳಲ್ಲಿ ಉಳಿದಿರಲಿಲ್ಲ. ಅಷ್ಟರಲ್ಲಿ ಜವಾನ ಬಾಗಿಲು ತೆಗೆದು ಅವಳ ಸರದಿ ಕೂಗಿದ.

ಉದ್ದ ಮೇಜು, ಅದರ ಹಿಂದೆ ಸಮಿತಿಯವರು. ಅಧ್ಯಕ್ಷೆಗೆ ಗುಂಡಿಯಕ್ಕನದೇ ವಯಸ್ಸು. ಮೈಕು ಕೆಳಗಿಳಿಸಿಕೊಡಲು ಹೇಳಿ, "ನಿಧಾನವಾಗಿ ಹೇಳಿಯಮ್ಮ" ಎಂದರು.

ಹಿಂದಿನ ಸಾಲಿನಲ್ಲಿ ಕುರ್ಚಿ ಎಳೆದ ಸದ್ದಾಯಿತು. ಅವಳು ತಿರುಗಿ ನೋಡಲಿಲ್ಲ. ಯಾರು ಕೂತರೆಂದು ಗೊತ್ತಿತ್ತು.

"ನಮ್ಮದು ಗುಂಡಿ ಅಂಗಡಿ" ಎಂದು ಶುರುಮಾಡಿದಳು. "ಕೊಂಡವ್ರಿಗೆ ಕೊಸರು ಕೊಡ್ತೀವಿ. ನಿಮ್ಮ ಮಸೂದೇಲಿ ಮಾರಿದವ್ರಿಗೆ ಶಿಕ್ಷೆ ಅಂತ ಇದೆಯಂತೆ. ಇದನ್ನ ಯಾರೂ ಮಾರಲ್ಲ ತಾಯಿ. ಕೊಸರಾಗಿ ಕೊಡ್ತಾರೆ. ರುಚಿ ಹತ್ತಿದ ಮೇಲೆ ಅವ್ರೇ ಫೋನ್ ಮಾಡ್ತಾರೆ."

ಕನ್ನಡಕದ ವಕೀಲರೊಬ್ಬರು ಪೆನ್ನು ಕೆಳಗಿಟ್ಟರು. "ಈ ಅನುಮಾನ ನಮಗೂ ಇತ್ತು. ಉಚಿತವಾಗಿ ಹಂಚೋದನ್ನೂ ಸೇರಿಸಬೇಕು ಅಂತ ಹಿಂದಿನ ಸಭೆಯಲ್ಲೇ ಚರ್ಚೆಯಾಯ್ತು. ಆದ್ರೆ ಹೀಗೆ ನಡೀತಿದೆ ಅಂತ ಕಣ್ಣಾರೆ ಕಂಡವರು ಯಾರೂ ಬಂದಿರಲಿಲ್ಲ. ನೀವು ಕಂಡಿದ್ದೀರಾ?"

ಅಧ್ಯಕ್ಷೆ ನಡುವೆ ಬಂದರು. "ಒಂದು ನಿಮಿಷ. ಅಮ್ಮಾ, ಇಲ್ಲಿ ಹೇಳಿದ್ದೆಲ್ಲ ದಾಖಲಾಗತ್ತೆ. ಪೊಲೀಸರೂ ಓದಬಹುದು. ಯೋಚನೆ ಮಾಡಿ ಹೇಳಿ."

ಮೈಕಿನಲ್ಲಿ ಅವಳ ಉಸಿರಾಟವೇ ದೊಡ್ಡದಾಗಿ ಕೇಳಿಸಿತು. ಕೋಣೆಯಲ್ಲಿದ್ದವರೆಲ್ಲ ಅದನ್ನೇ ಕೇಳುತ್ತಿದ್ದರು.

"ಕಂಡಿಲ್ಲ" ಎಂದಳು. "ಕೊಟ್ಟಿದೀನಿ. ನಾನೇ ಕೊಟ್ಟಿದೀನಿ. ಸೊಪ್ಪು ಅಂತ ಹೇಳಿ ಕೊಟ್ಟೆ. ಮೊದಲನೇದು ನನ್ನ ತಮ್ಮನಿಗೆ. ನನಗೆ ತಂದುಕೊಟ್ಟವ್ರು ಇನ್ಮೇಲೆ ಎಲ್ಲಾ ಕೊಸರೇ, ನಿಮ್ಮ ಕಾನೂನು ನಮಗೆ ಹತ್ತಲ್ಲ ಅಂತ ನನ್ನ ಅಂಗಡೀಲೇ ನಿಂತು ನಕ್ಕರು. ಅವ್ರು ಈ ಕೋಣೇಲೇ ಕೂತಿದಾರೆ."

ಹಿಂದೆ ಕುರ್ಚಿ ಮತ್ತೆ ಸದ್ದು ಮಾಡಿತು. ಬಾಗಿಲು ತೆರೆದು ಮುಚ್ಚಿಕೊಂಡಿತು. ಎಲ್ಲರೂ ಅತ್ತ ತಿರುಗಿದರು. ಗುಂಡಿಯಕ್ಕ ಮಾತ್ರ ಮೇಜಿನ ಅಂಚು ಹಿಡಿದುಕೊಂಡು ಎದುರಿಗೇ ನೋಡುತ್ತ ನಿಂತಿದ್ದಳು.

ಇದೆಲ್ಲ ಆಗಿ ಕೆಲವು ತಿಂಗಳಾದವು. ಮಸೂದೆ ಇನ್ನೂ ಕಾನೂನಾಗಿಲ್ಲ. ಮಾರುವುದರ ಜೊತೆಗೆ ಪುಕ್ಕಟೆ ಹಂಚುವುದನ್ನೂ ಸೇರಿಸಿ ಹೊಸ ಕರಡು ತಯಾರಾಗಿದೆ ಎಂದು ಕೇಳಿದ್ದೇವೆ, ಸದನ ಒಪ್ಪಬೇಕು. ಪೊಲೀಸರು ಎರಡು ಸಲ ಬಂದು ಗುಂಡಿಯಕ್ಕನ ಹೇಳಿಕೆ ಬರೆದುಕೊಂಡರು, ಮತ್ತೆ ಕರೆಯುತ್ತೇವೆ ಎಂದಿದ್ದಾರೆ. ತಮ್ಮನ ಜೊತೆ ಆಸ್ಪತ್ರೆಯಲ್ಲಿ ರಾತ್ರಿ ಕಳೆದು ಬಂದು ಒಂದು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದರೆ ಭರಣಿಗಳೆಲ್ಲ ಒಡೆದು ನೆಲದ ತುಂಬ ಗಾಜು, ಗುಂಡಿ. ಅಕ್ಕ ತಮ್ಮ ಇಬ್ಬರೂ ಮಂಡಿಯೂರಿ ಕೂತು ಗಾಜಿನಿಂದ ಗುಂಡಿ ಆರಿಸಿದರು. ದರ್ಜಿಗಳು ಬಂದು ಜೊತೆಗೆ ಕೂತರು, ಶಾಪ ಹಾಕಿದವರೂ ಬಂದರು. ಬೈಕು ಈಗ ಓಣಿಗೆ ಬರುವುದಿಲ್ಲ. ಬರದಿರುವ ಬೈಕನ್ನೂ ಅವಳು ದಿನಕ್ಕೆ ಹತ್ತು ಸಲ ಇಣುಕಿ ನೋಡುತ್ತಾಳೆ. ಟೀಯವನು ಅಂಗಡಿಗೆ ಬಂದ ಡಬ್ಬಿಯನ್ನು ತಾನೇ ಹೋಗಿ ಆಸ್ಪತ್ರೆಗೆ ಕೊಟ್ಟು ಬಂದ. ಮಾಸ್ಟರು ಚಿಕಿತ್ಸೆಗೆ ಹೋಗುತ್ತಾನೆ. ಕೆಲವು ದಿನ ಮುಖ ತೊಳೆದಂತೆ ಇರುತ್ತಾನೆ, ಕೆಲವು ದಿನ ಗೋಡೆಗೆ ಮುಖ ಮಾಡಿ ನಡುಗುತ್ತ ಮಲಗುತ್ತಾನೆ. ಅಂಥ ದಿನ ಅವಳು ಅಂಗಡಿ ತೆರೆಯುವುದಿಲ್ಲ. ಮಂಚದ ಪಕ್ಕ ಸ್ಪ್ರೇ ಇಟ್ಟುಕೊಂಡು ಕೂತಿರುತ್ತಾಳೆ.

ಪೊಟ್ಟಣ ವಾಪಸ್ ಕೇಳುತ್ತ ಓಣಿಗೆ ಇಳಿದ ದಿನ ಅವಳು ಎದುರಿನ ಜಿಪ್ಪಿನ ಅಂಗಡಿಯವನ ಮನೆಗೂ ಬಂದಿದ್ದಳು. ಅವನ ಹೆಂಡತಿ ಕತ್ತುನೋವೆಂದು ಪೊಟ್ಟಣ ಹರಿದು, ನೀರಿನ ಲೋಟ ಕೈಗೆತ್ತಿಕೊಂಡಿದ್ದಳು. ಗುಂಡಿಯಕ್ಕ ಒಂದು ಮಾತೂ ಆಡದೆ ಅದನ್ನು ಕೈಯಿಂದ ಕಿತ್ತುಕೊಂಡಳು. ಇದೆಂಥ ಮರ್ಯಾದೆ ಎಂದು ಗಂಡ ಹೆಂಡತಿ ಇಬ್ಬರೂ ಜಗಳಕ್ಕೆ ನಿಂತರು. ಆ ಜಿಪ್ಪಿನ ಅಂಗಡಿಯವನೇ ಇದನ್ನು ಬರೆದವನು. ಅವನ ಹೆಂಡತಿ ಬದುಕಿದ್ದಾಳೆ. ಅವನು ಗುಂಡಿಯಕ್ಕನಿಗೆ ಕೊಡಬೇಕಾಗಿರುವ ಸಾಲ ಅಷ್ಟು.